ಪ್ಲೇ ಸ್ಕೂಲಿಂದ ಮಗು ಒಬ್ಬನೇ ಹೊರಗೆ ಹೋದರೆ ಏನು ಕೇಳಬೇಕು, ಯಾರನ್ನು ಕೇಳಬೇಕು?

ಪ್ರಶ್ನೆ: ನಮ್ಮ ಮಗನಿಗೆ ಮೂರೂವರೆ ವರ್ಷ. ಜೂನ್‌ನಿಂದ ಮನೆ ಹತ್ತಿರದ ಪ್ಲೇ ಸ್ಕೂಲಿಗೆ ಹೋಗುತ್ತಿದ್ದಾನೆ. ಹೋದ ವಾರ ಸ್ಕೂಲ್ ಬಿಡುವ ಹೊತ್ತಲ್ಲಿ ಬೇರೆ ಮಗುವಿನ ಅಜ್ಜಿಯ ಹಿಂದೆಯೇ ಗೇಟು ದಾಟಿ ಹೋಗಿಬಿಟ್ಟ. ಎರಡು ರಸ್ತೆ ಆಚೆ ಬೇಕರಿಯವರು ಯೂನಿಫಾರ್ಮ್ ನೋಡಿ ವಾಪಸ್ ಕರೆತಂದರು. ನಾನು ಹೋಗಿ ಕೇಳುವವರೆಗೆ ಅವನು ಇಲ್ಲ ಅನ್ನುವುದೇ ಸ್ಕೂಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜೋರು ಮಾಡಿದ್ದಕ್ಕೆ, 'ನಿಮ್ಮ ಮಗ ತುಂಬಾ ತುಂಟ ಮೇಡಂ, ಒಂದು ನಿಮಿಷ ಕೂರಲ್ಲ' ಅಂದರು. ಈಗ ಸಿಸಿಟಿವಿ ಹಾಕಿಸುತ್ತಾರಂತೆ. ನಮ್ಮ ಯಜಮಾನರು ಜಿಪಿಎಸ್ ವಾಚ್ ತರೋಣ ಅನ್ನುತ್ತಾರೆ. ಅತ್ತೆ ಸ್ಕೂಲೇ ಬಿಡಿಸು ಅನ್ನುತ್ತಾರೆ. ನಾನು ಏನು ಮಾಡಲಿ? ಅವನಿಗೆ ಏನು ಹೇಳಿಕೊಡಲಿ?
— ಓದುಗರೊಬ್ಬರು, ಮೈಸೂರು

ಉತ್ತರ: ಮೊದಲು 'ತುಂಟ' ಅನ್ನುವ ಮಾತನ್ನು ಪಕ್ಕಕ್ಕಿಡೋಣ. ಮೂರೂವರೆ ವರ್ಷದ ಮಗು ತೆರೆದ ಗೇಟು ಕಂಡರೆ ಹೋಗುತ್ತೆ. ಆ ವಯಸ್ಸೇ ಅಂಥದ್ದು. 'ಹೋಗಬಾರದು' ಅಂತ ಅದಕ್ಕೆ ಗೊತ್ತಿರುತ್ತೆ, ಕೇಳಿದರೆ ಬಾಯಲ್ಲಿ ಹೇಳುತ್ತೆ ಕೂಡ. ಆದರೆ ಕಾಲು ಹೊರಟ ಮೇಲೆ ತಡೆಯುವ ಶಕ್ತಿ ಇನ್ನೂ ಬಂದಿರಲ್ಲ. ಹಾಗಾಗಿ ಮಗು ತುಂಟ ಅನ್ನುವ ಉತ್ತರವನ್ನು ಒಪ್ಪಬೇಡಿ. ತುಂಟ ಅಂತ ಮೊದಲೇ ಗೊತ್ತಿದ್ದರೆ ಅವನ ಮೇಲೆ ಒಂದು ಕಣ್ಣು ಜಾಸ್ತಿ ಇಡಬೇಕಿತ್ತು, ಅಲ್ವಾ?

ನಾನು ಪ್ಲೇ ಸ್ಕೂಲ್ ಮಿಸ್‌ಗಳಿಗೂ ಅಂಗನವಾಡಿ ಕಾರ್ಯಕರ್ತೆಯರಿಗೂ ತರಬೇತಿ ಕೊಡುತ್ತೇನೆ. ಇಂಥ ಘಟನೆಗಳನ್ನು ಕೇಳುತ್ತಾ ಹೋದರೆ ಒಂದು ವಿಷಯ ಎದ್ದು ಕಾಣುತ್ತೆ. ಮಿಸ್ ಪಾಠ ಹೇಳುತ್ತಾ ಕೂತಿರುವಾಗ ಮಗು ತಪ್ಪಿಸಿಕೊಂಡು ಹೋಗುವುದು ಕಡಿಮೆ. ಮಗು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಬರುವ ಹೊತ್ತಿನಲ್ಲೇ ಇದು ಆಗುವುದು. ಬೆಳಿಗ್ಗೆ ಬಿಡುವಾಗ, ಟಾಯ್ಲೆಟ್‌ಗೆ ಕಳಿಸುವಾಗ, ಕ್ಲಾಸಿಂದ ಅಂಗಳಕ್ಕೆ ಇಳಿಸುವಾಗ, ಸ್ಕೂಲ್ ಬಿಡುವಾಗ, ವ್ಯಾನ್ ಹತ್ತಿಸುವಾಗ. ಮಿಸ್ 'ಆಯಮ್ಮನ ಹತ್ತಿರ ಇದ್ದಾನೆ' ಅಂದುಕೊಂಡಿರುತ್ತಾರೆ. ಆಯಮ್ಮ 'ಮಿಸ್ ಹತ್ತಿರ ಇದ್ದಾನೆ' ಅಂದುಕೊಂಡಿರುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆ ಒಂದೆರಡು ನಿಮಿಷ ಮಗು ಯಾರ ಲೆಕ್ಕದಲ್ಲೂ ಇರಲ್ಲ, ಅಷ್ಟೇ. ಮೂರು ವರ್ಷದ ಮಗು ಎಷ್ಟೇ ನಿಧಾನವಾಗಿ ನಡೆದರೂ ಸೆಕೆಂಡಿಗೆ ಅರ್ಧ ಮೀಟರ್ ಸಾಗುತ್ತೆ. ಐದು ನಿಮಿಷಕ್ಕೆ 150 ಮೀಟರ್ ಆಯಿತು. ಓಡಿದರೆ ಇದರ ಎರಡು ಪಟ್ಟು ಮೂರು ಪಟ್ಟು. ನಿಮ್ಮ ಬೇಕರಿ ಬಹುಶಃ ಅಷ್ಟೇ ದೂರದಲ್ಲಿರಬಹುದು.

ಆದ್ದರಿಂದ ನೀವು ಸ್ಕೂಲಿಗೆ ಹೋದಾಗ ಜಗಳ ಶುರು ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: 'ಆ ಹೊತ್ತಿಗೆ ನನ್ನ ಮಗ ಯಾರ ಹೊಣೆಯಲ್ಲಿದ್ದ? ಹೆಸರು ಹೇಳಿ.' 'ನಾವೆಲ್ಲ ಇದ್ವಿ ಮೇಡಂ' ಅಂದರೆ ಯಾರೂ ಇರಲಿಲ್ಲ ಅಂತಲೇ ಅರ್ಥ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಭಯ ತಂದದ್ದು ಮಗು ಗೇಟು ದಾಟಿದ್ದಲ್ಲ, ನೀವು ಹೋಗುವವರೆಗೆ ಯಾರಿಗೂ ಗೊತ್ತೇ ಆಗದಿದ್ದದ್ದು. ಗೇಟು ಒಂದು ದಿನ ತೆರೆದಿರಬಹುದು. ಎಣಿಕೆ ಸರಿಯಾಗಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಎಣಿಕೆ ಅಂದರೆ ಸುಮ್ನೆ ತಲೆ ಎಣಿಸುವುದಲ್ಲ. ಬೆಳಿಗ್ಗೆ 18 ಮಕ್ಕಳು ಬಂದಿದ್ದಾರೆ ಅಂದುಕೊಳ್ಳಿ. ಬಿಡುವ ಹೊತ್ತಿಗೆ ಎಣಿಸಿದರೆ 18 ತಲೆ ಸಿಗುತ್ತೆ. ಸರಿ ಅಂತ ಬಿಡುತ್ತಾರೆ. ಆದರೆ ಅದರಲ್ಲಿ ಒಂದು ತಲೆ ತಮ್ಮನನ್ನು ಕರೆದುಕೊಂಡು ಹೋಗಲು ಅಮ್ಮನ ಜೊತೆ ಬಂದ ಅಕ್ಕನದ್ದು! ಅವಳೂ ಪುಟ್ಟವಳೇ, ಅಲ್ಲೇ ಚಾಪೆ ಮೇಲೆ ಕೂತಿದ್ದಾಳೆ. ಒಂದು ಮಗು ಹೋಗಿದೆ, ಒಂದು ಬಂದಿದೆ, ಲೆಕ್ಕ ಸರಿಯಾಗಿಯೇ ಇದೆ. ಅದಕ್ಕೇ ಹೆಸರಿನ ಪಟ್ಟಿ ಕೈಯಲ್ಲಿ ಹಿಡಿದು, ಹೆಸರು ಓದಿ, ಆ ಮುಖ ಕಣ್ಣಾರೆ ನೋಡಿ ಗುರುತು ಹಾಕಬೇಕು. ಅಮೆರಿಕದ ಹೆಡ್ ಸ್ಟಾರ್ಟ್ ಅನ್ನುವ ಸರ್ಕಾರಿ ಶಿಶುವಿಹಾರ ಕಾರ್ಯಕ್ರಮದಲ್ಲೂ ಇದೇ ಪದ್ಧತಿಗೆ ಒತ್ತು ಕೊಡುತ್ತಾರೆ: ಹೆಸರಿಗೆ ಮುಖ ಹೊಂದಿಸುವುದು, ಮಕ್ಕಳು ಜಾಗ ಬದಲಿಸಿದಾಗಲೆಲ್ಲ ಎಣಿಸುವುದು. ಇದಕ್ಕೆ ಆ್ಯಪ್ ಬೇಕಿಲ್ಲ. ಒಂದು ರಟ್ಟು, ಒಂದು ಹಾಳೆ, ದಾರ ಕಟ್ಟಿದ ಒಂದು ಪೆನ್ನು ಸಾಕು. ಜೊತೆಗೆ ಬಾಗಿಲ ಪಕ್ಕದ ಬೋರ್ಡಿನ ಮೇಲೆ ಇವತ್ತಿನ ಸಂಖ್ಯೆ ದೊಡ್ಡದಾಗಿ ಬರೆದಿರಬೇಕು. ನಡುವೆ ಒಂದು ಮಗುವನ್ನು ಅಜ್ಜ ಬೇಗ ಕರೆದುಕೊಂಡು ಹೋದರೆ ತಕ್ಷಣ ಅದನ್ನು ಅಳಿಸಿ 17 ಅಂತ ಬರೆಯಬೇಕು.

ಇನ್ನು ಸ್ಕೂಲ್ ಬಿಡುವ ಹೊತ್ತು. ನಮ್ಮೂರುಗಳ ಎಷ್ಟೋ ಪ್ಲೇ ಸ್ಕೂಲ್‌ಗಳು ಬಾಡಿಗೆ ಮನೆಯಲ್ಲೇ ನಡೆಯುತ್ತವೆ. ಒಂದೇ ಗೇಟು, ಅದೂ ಮನೆ ಗೇಟು. ಚಿಲಕ ಸರಿಯಾಗಿ ಮಗುವಿನ ಎದೆ ಮಟ್ಟಕ್ಕಿರುತ್ತೆ. ಮಧ್ಯಾಹ್ನ ಹನ್ನೆರಡೂವರೆಗೆ ಗೇಟಿನ ಮುಂದೆ ಸ್ಕೂಟರ್‌ಗಳ ಸಾಲು. ಒಬ್ಬರು ಒಳಗೆ ಬರುತ್ತಾರೆ, ಒಬ್ಬರು ಹೊರಗೆ ಹೋಗುತ್ತಾರೆ, ಗೇಟು ಮುಚ್ಚುವುದೇ ಇಲ್ಲ. ಆಯಮ್ಮ ಒಂದು ಮಗುವಿಗೆ ಶೂ ಹಾಕುತ್ತಿದ್ದಾರೆ, ಮಿಸ್ ಒಬ್ಬ ತಾಯಿಗೆ 'ಊಟ ಸರಿಯಾಗಿ ಮಾಡಲಿಲ್ಲ' ಅನ್ನುತ್ತಿದ್ದಾರೆ. ಉಳಿದ ಮಕ್ಕಳು ಬ್ಯಾಗ್ ಏರಿಸಿಕೊಂಡು ಗೇಟಿನ ಹತ್ತಿರವೇ ನಿಂತಿದ್ದಾರೆ. ಹೋಗಲು ರೆಡಿಯಾಗಿರುವ ಮಗುವನ್ನು ತೆರೆದ ಗೇಟಿನ ಮುಂದೆ ನಿಲ್ಲಿಸಿದರೆ ಇನ್ನೇನಾಗುತ್ತೆ?

ಇದನ್ನು ಸರಿ ಮಾಡಲು ದುಡ್ಡು ಬೇಡ, ಕ್ರಮ ಬೇಕು. ಮಕ್ಕಳು ಶೂ ಹಾಕಿ, ಬ್ಯಾಗ್ ತೊಡೆ ಮೇಲೆ ಇಟ್ಟುಕೊಂಡು ಕ್ಲಾಸಿನ ಒಳಗೆ ಚಾಪೆಯ ಮೇಲೆ ಕೂತಿರಲಿ. ಹಾಡೋ ಕತೆಯೋ ನಡೆಯುತ್ತಿರಲಿ. ಗೇಟಿನಲ್ಲಿ ಒಬ್ಬರೇ ನಿಲ್ಲಬೇಕು, ಅವರಿಗೆ ಆ ಅರ್ಧ ಗಂಟೆ ಬೇರೆ ಕೆಲಸ ಇರಬಾರದು. ಅವರು ಹೆಸರು ಕೂಗುತ್ತಾರೆ, ಒಳಗಿನ ಮಿಸ್ ಆ ಮಗುವಿನ ಕೈ ಹಿಡಿದು ತಂದು ಅಮ್ಮನ ಕೈಗೇ ಕೊಡುತ್ತಾರೆ. 'ಅಮ್ಮ ಅಲ್ಲಿದ್ದಾರೆ ನೋಡು, ಹೋಗು' ಅಂತ ಬಿಡುವುದಲ್ಲ. ಕೈಯಿಂದ ಕೈಗೆ. ಆಮೇಲೆ ಪಟ್ಟಿಯಲ್ಲಿ ಗುರುತು. ಹೀಗೆ ಮಾಡಿದರೆ ಹತ್ತು ನಿಮಿಷ ತಡವಾಗುತ್ತೆ, ಅಪ್ಪ ಅಮ್ಮಂದಿರು ಗೊಣಗುತ್ತಾರೆ. ಗೊಣಗಲಿ.

ಗೊಣಗುವವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಇದರಲ್ಲಿ ನಮ್ಮ ಪೋಷಕರ ಪಾಲೂ ಇದೆ. ಗೇಟು ತೆರೆದಿಟ್ಟು ಹರಟುವವರು ನಾವೇ. ಯಾರದ್ದೋ ಮಗು ನಮ್ಮ ಕಾಲ ಪಕ್ಕದಲ್ಲೇ ನುಸುಳಿ ಹೋದರೆ 'ಅವರಮ್ಮ ಹೊರಗಿರಬೇಕು' ಅಂದುಕೊಳ್ಳುವವರೂ ನಾವೇ. ನಿಮ್ಮ ಮಗನ ಮುಂದೆ ಹೋದ ಅಜ್ಜಿಯೂ ಹೀಗೇ ಅಂದುಕೊಂಡಿರುತ್ತಾರೆ, ಪಾಪ. ಇನ್ನೊಂದು, 'ಇವತ್ತು ನಮ್ಮ ಮೈದುನ ಬರ್ತಾನೆ, ಕಳಿಸಿಬಿಡಿ' ಅಂತ ವಾಟ್ಸ್ಆ್ಯಪ್ ಗ್ರೂಪಿಗೆ ಮೆಸೇಜ್ ಹಾಕಿ ನಿಶ್ಚಿಂತೆಯಾಗಿ ಇರುವುದು. ಆ ಹೊತ್ತಲ್ಲಿ ಮಿಸ್ ಫೋನ್ ನೋಡುತ್ತಾ ಕೂರುವುದೂ ತಪ್ಪೇ! ಯಾರು ಕರೆದುಕೊಂಡು ಹೋಗಬಹುದು ಅನ್ನುವ ಪಟ್ಟಿ, ಫೋಟೋ ಸಮೇತ, ವರ್ಷದ ಮೊದಲಲ್ಲೇ ಕೊಟ್ಟಿರಬೇಕು. ಬದಲಾದರೆ ಫೋನ್ ಮಾಡಿ ಮಾತಾಡಿಯೇ ಹೇಳಬೇಕು.

ಗೇಟಿನ ಮೇಲ್ಭಾಗದಲ್ಲಿ, ದೊಡ್ಡವರ ಕೈಗೆ ಮಾತ್ರ ಎಟಕುವಂತೆ ಇನ್ನೊಂದು ಚಿಲಕ ಹಾಕಿಸಲು ಹೇಳಿ. ವೆಲ್ಡಿಂಗ್ ಅಂಗಡಿಯವರು ಒಂದು ಗಂಟೆಯಲ್ಲಿ ಮಾಡಿಕೊಡುತ್ತಾರೆ. ಅಡ್ಡಪಟ್ಟಿ ಇರುವ ಗೇಟಾದರೆ ಮಕ್ಕಳು ಏಣಿ ಹತ್ತಿದ ಹಾಗೆ ಹತ್ತುತ್ತಾರೆ, ಅದಕ್ಕೆ ಒಳಗಿಂದ ತಗಡು ಹೊಡೆಸಬೇಕು. ಆದರೆ ಬೀಗ ಜಡಿದು ಕೀಲಿಯನ್ನು ಆಫೀಸ್ ರೂಮಿನ ಡ್ರಾಯರ್‌ನಲ್ಲಿ ಇಡುವುದು ಬೇಡ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಲ್ಲಿ ಶಾಲೆಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಹೊರಗೆ ಬರುವ ದಾರಿ ಇಕ್ಕಟ್ಟಾಗಿದ್ದದ್ದು ಸಾವು ಹೆಚ್ಚಲು ಒಂದು ಕಾರಣ. ಮಗುವಿಗೆ ತೆಗೆಯಲು ಬರಬಾರದು, ದೊಡ್ಡವರು ಒಂದೇ ಕೈಯಲ್ಲಿ ತೆಗೆಯುವಂತಿರಬೇಕು. ಇಷ್ಟು ನೆನಪಿಟ್ಟರೆ ಯಾವ ಚಿಲಕ ಅನ್ನುವುದು ತಾನಾಗೇ ಗೊತ್ತಾಗುತ್ತೆ.

ಜನ ಎಷ್ಟಿರಬೇಕು? ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಖಾಸಗಿ ಪ್ಲೇ ಸ್ಕೂಲ್‌ಗಳಿಗೆ ಮಾಡಿರುವ ಮಾರ್ಗಸೂಚಿಯಲ್ಲಿ 20 ಮಕ್ಕಳಿಗೆ ಒಬ್ಬ ಶಿಕ್ಷಕಿ, ಜೊತೆಗೆ ಒಬ್ಬ ಆಯಾ ಇರಬೇಕು ಅಂತಿದೆ. ಕಾಂಪೌಂಡ್ ಅಥವಾ ಬೇಲಿಯೂ ಇರಬೇಕು. ಇಬ್ಬರು ಯಾಕೆ ಅಂದರೆ, ಒಂದು ಮಗುವಿಗೆ ಟಾಯ್ಲೆಟ್ ಅರ್ಜೆಂಟ್ ಆದ ಕೂಡಲೇ ಒಬ್ಬರು ಖಾಲಿ. ಹಾಗಾಗಿ ಅಡ್ಮಿಷನ್ ಹೊತ್ತಲ್ಲಿ 'ಎಷ್ಟು ಜನ ಸ್ಟಾಫ್ ಇದ್ದಾರೆ' ಅಂತ ಕೇಳಿದರೆ ಸಾಲದು. 'ಆಯಮ್ಮ ರಜೆ ಹಾಕಿದ ದಿನ ಅವರ ಕೆಲಸ ಯಾರು ಮಾಡುತ್ತಾರೆ?' ಅಂತ ಕೇಳಿ. ಈ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವ ಸ್ಕೂಲು ಒಳ್ಳೆಯ ಸ್ಕೂಲು. ಹಬ್ಬದ ಮರುದಿನ, ಆ್ಯನ್ಯುವಲ್ ಡೇ ಪ್ರಾಕ್ಟೀಸ್ ದಿನ, ಹೊಸ ಮಿಸ್ ಬಂದ ವಾರ, ಇವೆಲ್ಲ ಸ್ವಲ್ಪ ಅಪಾಯದ ದಿನಗಳೇ.

ಸಿಸಿಟಿವಿ ಬೇಡ ಅನ್ನಲ್ಲ. ಹಾಕಿಸಲಿ. ಆದರೆ ಕ್ಯಾಮೆರಾ ಆಗಿಹೋದದ್ದನ್ನು ತೋರಿಸುತ್ತೆ, ಯಾರ ಕೈಯನ್ನೂ ಹಿಡಿಯಲ್ಲ. ಪರದೆಯ ಮುಂದೆ ಕೂತು ನೋಡುವವರು ಯಾರೂ ಇಲ್ಲದಿದ್ದರೆ ಬರೀ ಸಮಾಧಾನಕ್ಕೆ ಅಷ್ಟೇ. ಸ್ಕೂಲಿನವರು ಚಿಲಕ, ಪಟ್ಟಿ, ಗೇಟಿಗೊಬ್ಬರು ಅನ್ನುವುದನ್ನೆಲ್ಲ ಬಿಟ್ಟು ಬರೀ ಕ್ಯಾಮೆರಾ ಬಗ್ಗೆ ಮಾತಾಡಿದರೆ ನನಗೆ ಅನುಮಾನ ಬರುತ್ತೆ. ಜಿಪಿಎಸ್ ವಾಚ್ ವಿಷಯವೂ ಹೀಗೇ. ಅದು ಹುಡುಕಲು ನೆರವಾಗಬಹುದು, ಹೋಗದಂತೆ ತಡೆಯಲ್ಲ. ಚಾರ್ಜ್ ಮುಗಿದಿರುತ್ತೆ, ಇಲ್ಲವೇ ಮಗು ಬಿಚ್ಚಿ ಮರಳಲ್ಲಿ ಹೂತಿಟ್ಟಿರುತ್ತೆ.

ಈಗ ಯಾರೂ ಹೇಳದ ಒಂದು ವಿಷಯ. ಮಗು ಕಾಣುತ್ತಿಲ್ಲ ಅಂದ ತಕ್ಷಣ ಎಲ್ಲರೂ ರಸ್ತೆಗೆ ಓಡುತ್ತಾರೆ. ಸಹಜ. ಆದರೆ ಒಬ್ಬರು ಮೊದಲು ನೀರಿನ ಕಡೆ ಓಡಬೇಕು. ಮೈಸೂರು, ಬೆಂಗಳೂರಿನ ಮನೆಗಳಲ್ಲಿ ಸಂಪು ಇರುವುದೇ ಗೇಟಿನ ಪಕ್ಕ. ಮುಚ್ಚಳ ತುಕ್ಕು ಹಿಡಿದಿರುತ್ತೆ, ಅಥವಾ ಟ್ಯಾಂಕರ್‌ನವರು ನೀರು ಬಿಟ್ಟು ಹಾಗೇ ಸರಿಸಿ ಹೋಗಿರುತ್ತಾರೆ. ಪುಟ್ಟ ಮಕ್ಕಳು ಮುಳುಗಲು ಆಳ ಬೇಕಿಲ್ಲ, ಬಕೆಟ್ ನೀರೇ ಸಾಕು. ಮುಳುಗುವಾಗ ಸಿನಿಮಾದಲ್ಲಿ ತೋರಿಸುವ ಹಾಗೆ ಕೂಗುವುದೂ ಇಲ್ಲ, ಸದ್ದೇ ಆಗಲ್ಲ. ಅಲ್ಲಿ ಜೀವ ಹೋಗುವುದು ನಿಮಿಷಗಳ ಲೆಕ್ಕ. ರಸ್ತೆಯಲ್ಲಾದರೆ ಯಾರಾದರೂ ಒಬ್ಬರು ನೋಡುತ್ತಾರೆ, ನಿಮ್ಮ ಬೇಕರಿಯವರು ನೋಡಿದ ಹಾಗೆ. ಹಾಗಾಗಿ ಸಂಪು, ಸೆಪ್ಟಿಕ್ ಟ್ಯಾಂಕ್, ಮೋರಿ, ಬಚ್ಚಲುಮನೆಯ ಡ್ರಮ್ಮು ಮೊದಲು. ಆಮೇಲೆ ವ್ಯಾನಿನ ಒಳಗೆ, ಸೀಟಿನ ಕೆಳಗೆ. ಆಮೇಲೆ ಮೆಟ್ಟಿಲ ಕೆಳಗೆ, ಬೀರು, ಬೇರೆ ಕ್ಲಾಸುಗಳು. ಅದೇ ಹೊತ್ತಿಗೆ ಇನ್ನೊಬ್ಬರು ಗೇಟಿನಿಂದ ಎರಡೂ ಕಡೆ ರಸ್ತೆ ನೋಡಬೇಕು. ಒಬ್ಬರು ಉಳಿದ ಮಕ್ಕಳ ಜೊತೆ ಕದಲದೆ ಕೂರಬೇಕು. ಒಬ್ಬನನ್ನು ಹುಡುಕಲು ಹೋಗಿ ಇನ್ನಿಬ್ಬರನ್ನು ಕಳೆದುಕೊಳ್ಳುವುದು ಬೇಡ.

ಐದು ನಿಮಿಷದಲ್ಲಿ ಸಿಗಲಿಲ್ಲವಾ? ಮನೆಯವರಿಗೂ ಫೋನ್ ಮಾಡಬೇಕು, 112ಕ್ಕೂ ಮಾಡಬೇಕು. 'ಸ್ಕೂಲಿನ ಹೆಸರು ಕೆಡುತ್ತೆ, ಇನ್ನೊಂದು ರೌಂಡ್ ನೋಡೋಣ' ಅನ್ನುವುದರಲ್ಲೇ ಅರ್ಧ ಗಂಟೆ ಹೋಗಿಬಿಡುತ್ತೆ. ಕಾಣೆಯಾದವರ ದೂರು ಕೊಡಲು 24 ಗಂಟೆ ಕಾಯಬೇಕು ಅನ್ನುವುದು ಎಲ್ಲಿಂದ ಬಂತೋ, ಇವತ್ತಿಗೂ ಜನ ಅದನ್ನು ನಂಬುತ್ತಾರೆ. ಹಾಗೇನಿಲ್ಲ. ಮಗು ಕಾಣೆಯಾಗಿದೆ ಅಂದರೆ ಪೊಲೀಸರು ಎಫ್‌ಐಆರ್ ದಾಖಲಿಸಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಮಕ್ಕಳ ಸಹಾಯವಾಣಿ 1098 ಕೂಡ ಇದೆ. ಈ ಎರಡು ನಂಬರ್ ಆಯಮ್ಮನಿಗೂ ಬಾಯಿಪಾಠ ಬರಬೇಕು.

ಹಳ್ಳಿ ಓದುಗರಿಗಾಗಿ ಅಂಗನವಾಡಿ ಮಾತೂ ಬರಲಿ. ಅಲ್ಲಿ ಕಷ್ಟ ಬೇರೆ ತರಹದ್ದು. ಇರುವುದು ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಸಹಾಯಕಿ ಅಡುಗೆ ಮಾಡುತ್ತಿರುತ್ತಾರೆ, ಕಾರ್ಯಕರ್ತೆ ಪೋಷಣ್ ಟ್ರ್ಯಾಕರ್ ಅನ್ನುವ ಸರ್ಕಾರಿ ಆ್ಯಪ್‌ನಲ್ಲಿ ಮಾಹಿತಿ ತುಂಬುತ್ತಿರುತ್ತಾರೆ, ಗರ್ಭಿಣಿಯರು ಬಂದು ಕೂತಿರುತ್ತಾರೆ. ಎಷ್ಟೋ ಕಡೆ ಕಾಂಪೌಂಡೇ ಇಲ್ಲ, ಬಾಗಿಲು ತೆರೆದರೆ ರಸ್ತೆ ಅಥವಾ ನಾಲೆ. ಅವರನ್ನು ಬೈದು ಪ್ರಯೋಜನವಿಲ್ಲ. ಬಾಗಿಲಿಗೆ ಅರ್ಧ ಎತ್ತರದ ಮರದ ಬಾಗಿಲು ಮಾಡಿಸಿದರೆ ಗಾಳಿ ಬೆಳಕು ಬರುತ್ತೆ, ಮಕ್ಕಳು ಒಳಗಿರುತ್ತಾರೆ. ಅಂಗನವಾಡಿಯ ಬಾಲವಿಕಾಸ ಸಮಿತಿ ಸಭೆಯಲ್ಲಿ, ಗ್ರಾಮ ಪಂಚಾಯಿತಿಯಲ್ಲಿ ಬೇಲಿ ಕೇಳಿ. ಸುತ್ತಮುತ್ತ ಮುಚ್ಚದ ಕೊಳವೆಬಾವಿ ಇದ್ದರೆ ಅದನ್ನೂ ಹೇಳಿ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಪುಟ್ಟ ಮಗುವೊಂದು ಕೊಳವೆಬಾವಿಗೆ ಬಿದ್ದು, ಸುಮಾರು 20 ಗಂಟೆಗಳ ಮೇಲೆ ಜೀವಂತವಾಗಿ ಹೊರಬಂತು. ಎಲ್ಲ ಮಕ್ಕಳಿಗೂ ಆ ಅದೃಷ್ಟ ಇರಲ್ಲ.

ಇನ್ನು ನಿಮ್ಮ ಮಗ. 'ಯಾಕೆ ಹೋದೆ?' ಅಂತ ಕೇಳಬೇಡಿ. ಆ ವಯಸ್ಸಿಗೆ 'ಯಾಕೆ' ಅನ್ನುವುದು ಬೈಗುಳದ ಹಾಗೆ ಕೇಳಿಸುತ್ತೆ, ಬಾಯಿ ಮುಚ್ಚಿಬಿಡುತ್ತೆ. 'ಹೊರಗೆ ಏನಿತ್ತು? ಬೇಕರಿ ಹತ್ತಿರ ಏನು ನೋಡಿದೆ?' ಅಂತ ಆಟವಾಡುತ್ತಾ ಕೇಳಿ. ಕೆಲವು ಮಕ್ಕಳು ಏನನ್ನೋ ಹುಡುಕಿಕೊಂಡು ಹೋಗುತ್ತಾರೆ: ಜೆಸಿಬಿ, ನಾಯಿಮರಿ, ಅಮ್ಮನ ಸ್ಕೂಟರ್ ಸದ್ದು. ಕೆಲವರು ಏನನ್ನೋ ತಪ್ಪಿಸಿಕೊಂಡು ಹೋಗುತ್ತಾರೆ: ಗದ್ದಲ, ಚಡ್ಡಿ ಒದ್ದೆಯಾದ ನಾಚಿಕೆ, ಗದರುವ ಮಿಸ್. ಸುಮ್ನೆ ಯಾರದ್ದೋ ಹಿಂದೆ ನಡೆದುಬಿಡುವವರೂ ಇದ್ದಾರೆ. ಎರಡನೆಯದಾದರೆ ಗೇಟು ಭದ್ರ ಮಾಡಿ ಸುಮ್ಮನಿರಬೇಡಿ, ಒಳಗೆ ಏನಾಗುತ್ತಿದೆ ಅಂತ ನೋಡಿ.

ಹೇಳಿಕೊಡಲು ಮೂರೇ ವಿಷಯ ಸಾಕು. ಮಿಸ್ ಕಾಣದಿದ್ದರೆ ನಿಂತ ಜಾಗದಲ್ಲೇ ನಿಂತು ಜೋರಾಗಿ 'ಮಿಸ್' ಅಂತ ಕೂಗುವುದು. ಅಪ್ಪ ಅಮ್ಮನ ಪೂರ್ತಿ ಹೆಸರು, ಫೋನ್ ನಂಬರ್. ನಂಬರನ್ನು ಹಾಡಿನ ರಾಗಕ್ಕೆ ಹಾಕಿದರೆ ನಾಲ್ಕು ವರ್ಷದ ಹೊತ್ತಿಗೆ ಬಂದುಬಿಡುತ್ತೆ. ಮತ್ತೆ, ದಾರಿ ತಪ್ಪಿದರೆ ಮಕ್ಕಳನ್ನು ಎತ್ತಿಕೊಂಡಿರುವ ಒಬ್ಬ ಆಂಟಿ ಹತ್ತಿರ ಹೋಗಿ ಹೇಳುವುದು. ನಿಲ್ಲುವುದನ್ನು ಸ್ಟ್ಯಾಚ್ಯೂ ಆಟದಲ್ಲೇ ಕಲಿಸಬಹುದು. ಪಾರ್ಕಿನಲ್ಲಿ ಓಡುತ್ತಿರುವಾಗ ಹಿಂದಿನಿಂದ 'ಸ್ಟ್ಯಾಚ್ಯೂ!' ಅನ್ನಿ, ನಿಂತರೆ ಎತ್ತಿ ಮುದ್ದಾಡಿ. ದಿನಾ ಆಡಿದರೆ ಅಭ್ಯಾಸವಾಗುತ್ತೆ. ಆದರೆ ಇದನ್ನು ನಂಬಿ ಗೇಟು ತೆರೆದಿಡುವ ಹಾಗಿಲ್ಲ. ಮಕ್ಕಳಿಗೆ ಕಲಿಸುವುದು ಹೆಚ್ಚುವರಿ, ಕಾಯುವುದು ದೊಡ್ಡವರ ಕೆಲಸ.

'ಆಚೆ ಹೋದರೆ ಪೊಲೀಸ್ ಹಿಡ್ಕೊಂಡು ಹೋಗ್ತಾರೆ', 'ಗುಮ್ಮ ಬರ್ತಾನೆ' ಅಂತ ಹೆದರಿಸುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಅತ್ತೆಗೂ ಮೆತ್ತಗೆ ಹೇಳಿ. ಹೀಗೆ ಹೆದರಿದ ಮಗು, ಹುಡುಕಿಕೊಂಡು ಬಂದ ಪೊಲೀಸಪ್ಪನನ್ನು ಕಂಡರೆ ನಿಂತಿರುವ ಲಾರಿ ಕೆಳಗೆ ಹೋಗಿ ಅಡಗುತ್ತೆ. ಸಿಕ್ಕ ತಕ್ಷಣ ಹೊಡೆಯುವುದೂ ಬೇಡ. ನಮಗಾದ ಭಯ ಏಟಾಗಿ ಹೊರಬರುತ್ತೆ, ನಿಜ. ಆದರೆ ಮಗು ಕಲಿಯುವುದು 'ಸಿಕ್ಕರೆ ಏಟು' ಅಂತ.

ಒಂದು ಸಲ ಹೋದ ಮಾತ್ರಕ್ಕೆ ಏನೋ ತೊಂದರೆ ಇದೆ ಅಂದುಕೊಳ್ಳಬೇಡಿ. ಆದರೆ ಮತ್ತೆ ಮತ್ತೆ ಹೀಗೆ ಹೊರಡುತ್ತಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಮಾತು ತಡವಾಗಿದ್ದರೆ ಒಮ್ಮೆ ಡಾಕ್ಟರಿಗೆ ತೋರಿಸಿ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಟಿಸಂ (ಮಾತು, ಬೆರೆಯುವುದು ಕಷ್ಟವಾಗುವ ಬೆಳವಣಿಗೆಯ ತೊಂದರೆ) ಇರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ 4 ವರ್ಷ ತುಂಬಿದ ಮೇಲೆ ಒಮ್ಮೆಯಾದರೂ ಹೀಗೆ ಹೊರಡಲು ನೋಡಿದ್ದರು. ನಿಮಗೆ ಮೈಸೂರಿನಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ.

ಸ್ಕೂಲ್ ಬಿಡಿಸಬೇಕಾ? ನಾನಾದರೆ ಎರಡು ವಾರ ನೋಡುತ್ತೇನೆ. ಎರಡು ದಿನ ಮಧ್ಯಾಹ್ನ ಹನ್ನೆರಡಕ್ಕೇ ಹೋಗಿ, ರಸ್ತೆಯ ಆಚೆ ಬದಿ ನಿಂತು ಸುಮ್ನೆ ಗೇಟು ನೋಡಿ. ಯಾರು ನಿಂತಿದ್ದಾರೆ, ಎಷ್ಟು ಹೊತ್ತು ತೆರೆದಿರುತ್ತೆ, ಪಟ್ಟಿ ಕೈಯಲ್ಲಿದೆಯಾ. ಚಿಲಕ ಬಂದಿದ್ದರೆ, ಸಂಪಿನ ಮುಚ್ಚಳಕ್ಕೆ ಬೀಗ ಬಿದ್ದಿದ್ದರೆ, ಒಬ್ಬರು ಅಲ್ಲಿಂದ ಕದಲದಿದ್ದರೆ ಅದೇ ಸ್ಕೂಲಿರಲಿ. ಒಮ್ಮೆ ಬುದ್ಧಿ ಕಲಿತ ಸ್ಕೂಲು ಹೊಸದಕ್ಕಿಂತ ಎಷ್ಟೋ ವಾಸಿ, ಮಗುವಿಗೆ ಮತ್ತೆ ಹೊಸ ಮುಖಗಳ ಕಷ್ಟವೂ ತಪ್ಪುತ್ತೆ. ಇನ್ನೂ 'ತುಂಟ' ರಾಗವೇ ಹಾಡುತ್ತಿದ್ದರೆ ಬಿಡಿಸಿ, ಅತ್ತೆ ಹೇಳಿದ್ದೇ ಸರಿ.

ಏನೇ ಆಗಲಿ, ನಡೆದದ್ದನ್ನು ದಿನಾಂಕ, ಸಮಯ ಸಮೇತ ಒಂದು ಹಾಳೆಯಲ್ಲಿ ಬರೆದು ಸ್ಕೂಲಿಗೆ ಕೊಡಿ. ಏನೇನು ಬದಲಾಯಿಸುತ್ತೀರಿ ಅಂತ ಬರವಣಿಗೆಯಲ್ಲೇ ಉತ್ತರ ಕೇಳಿ, ನಿಮ್ಮ ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ ಅದೇ ಹಾಳೆಯ ಪ್ರತಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಬಹುದು, ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಕಳಿಸಬಹುದು. ಮತ್ತೆ, ಆ ಬೇಕರಿಯವರಿಗೆ ನಿಮ್ಮ ಫೋನ್ ನಂಬರ್ ಕೊಟ್ಟು ಬನ್ನಿ.